ಗಡಿನಾಡಿನ ಹೊಸ ಕಲಾವಿದರಿಗೆ ಅನುದಾನ: ಕಾಸರಗೋಡಿನಲ್ಲಿ ಕೂತು ಅರ್ಜಿ ಹಾಕುವ ಬಗೆ

ನಮ್ಮ ಕಡೆ ಆಟ, ಅಂದರೆ ಯಕ್ಷಗಾನ, ಕಲಿಯುವವರಿಗೆ ಬರವಿಲ್ಲ. ಬದಿಯಡ್ಕ, ನೀರ್ಚಾಲು, ಪೆರ್ಲ ಎಲ್ಲಿ ಹೋದರೂ ಭಾನುವಾರ ಬೆಳಗ್ಗೆ ಭಜನಾ ಮಂದಿರದಲ್ಲೋ ಶಾಲೆಯ ಜಗಲಿಯಲ್ಲೋ ಮಕ್ಕಳು ಹೆಜ್ಜೆ ಹಾಕುತ್ತಿರುತ್ತಾರೆ. ಚಿತ್ರ ಬಿಡಿಸುವವರಿದ್ದಾರೆ, ನಾಟಕದವರಿದ್ದಾರೆ, ಭರತನಾಟ್ಯದವರಿದ್ದಾರೆ. ಬರ ಇರುವುದು ಅರ್ಜಿ ಹಾಕುವವರಿಗೆ. "ಅದೆಲ್ಲ ವಶೀಲಿ ಇದ್ದವರಿಗೆ ಮಾರಾಯ" ಎಂದು ಹೇಳಿ ಎದ್ದುಬಿಡುತ್ತಾರೆ. ನಾನು ಮದ್ದಳೆ ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟವನು. ಈಗ ಪೂರ್ತಿ ಕಲಿತವರ ಅರ್ಜಿ ತುಂಬಿಸುವ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿದೆ. ಹಾಗೆ ತುಂಬಿಸುತ್ತಾ ನನಗೆ ಕಂಡದ್ದು ಇಷ್ಟು: ವಶೀಲಿ ಇಲ್ಲದೆ ಬಿದ್ದ ಅರ್ಜಿಗಿಂತ ಕಾಗದ ಇಲ್ಲದೆ ಬಿದ್ದ ಅರ್ಜಿಯೇ ಹೆಚ್ಚು. ಹತ್ತು ವರ್ಷ ಕುಣಿದವನ ಹತ್ತಿರ ಕುಣಿದದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ.

ಹಾಗಾಗಿ ಯೋಜನೆಗಳ ಪಟ್ಟಿಗಿಂತ ಮೊದಲು ಕಡತದ ಮಾತು.

ಮೊದಲು ಕಡತ

ಒಂದು ಗಟ್ಟಿ ಫೈಲ್ ತೆಗೆದುಕೊಳ್ಳಿ. ಆಧಾರ್, ಪಾನ್, ಎಸ್‌ಎಸ್‌ಎಲ್‌ಸಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ ಅದರಲ್ಲಿ ಇರಲಿ. ಎಲ್ಲವನ್ನೂ ಎದುರಿಗೆ ಹರಡಿ, ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಗಡಿನಾಡಿನವರ ನಿಜವಾದ ತಾಪತ್ರಯ ಇಲ್ಲಿದೆ. ಮನೆಯಲ್ಲಿ ಇಟ್ಟ ಹೆಸರು ಕನ್ನಡದ್ದು, ಕಚೇರಿಯಲ್ಲಿ ಅದನ್ನು ಬರೆದುಕೊಂಡವರು ಮಲಯಾಳದವರು, ಕಾರ್ಡಿನಲ್ಲಿ ಅಚ್ಚಾದದ್ದು ಇಂಗ್ಲಿಷಿನಲ್ಲಿ. ಸುಬ್ರಹ್ಮಣ್ಯ ಒಂದು ಕಡೆ ಸುಬ್ರಮಣ್ಯ, ಇನ್ನೊಂದು ಕಡೆ ಸುಬ್ರಮಣಿಯನ್. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಮನೆಯ ಹೆಸರು ಒಂದರಲ್ಲಿದೆ, ಮತ್ತೊಂದರಲ್ಲಿ ಇಲ್ಲ. ಊರಿನ ಹೆಸರೂ ಹಾಗೆಯೇ: ನಮಗೆ ಕುಂಬಳೆ, ಅವರಿಗೆ ಕುಂಬಳ.

ಆಯ್ಕೆಯಾದ ಮೇಲೆ ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯ ಹೆಸರೂ ಆಧಾರಿನ ಹೆಸರೂ ಕೂಡದಿದ್ದರೆ ಅಲ್ಲಿಗೇ ನಿಂತಿತು. ತಿದ್ದುಪಡಿಗೆ ಅಕ್ಷಯ ಕೇಂದ್ರಕ್ಕೆ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ. ಎಸ್‌ಎಸ್‌ಎಲ್‌ಸಿ ಪುಸ್ತಕದ ಹೆಸರನ್ನೇ ಮೂಲ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಅಷ್ಟು ಸಮಯ ಇಲ್ಲವೆಂದಾದರೆ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಎಂದು ವಿಲ್ಲೇಜ್ ಆಫೀಸರ್ ಕೊಡುವ 'ಒನ್ ಆ್ಯಂಡ್ ಸೇಮ್' ಸರ್ಟಿಫಿಕೇಟ್ ಇದೆ; ಅದಕ್ಕೂ ಅಕ್ಷಯದ ಮೂಲಕವೇ ಅರ್ಜಿ. ಆದಾಯದ್ದು, ವಾಸದ್ದು ಕೂಡ ಅಲ್ಲಿಂದಲೇ ಸಿಗುತ್ತವೆ. ಆದಾಯದ ಸರ್ಟಿಫಿಕೇಟಿಗೆ ಅವಧಿ ಇರುವುದರಿಂದ ಅದನ್ನು ಮಾತ್ರ ಅರ್ಜಿ ಹಾಕುವ ಹೊತ್ತಿಗೆ ಮಾಡಿಸಿ.

ಇನ್ನು ಕಲೆಯ ದಾಖಲೆ. ನೀವು ವೇಷ ಮಾಡಿದ ಪ್ರತಿ ಆಟದ, ಕೂಟದ (ತಾಳಮದ್ದಳೆಯ), ನಾಟಕದ ಕರಪತ್ರ ತೆಗೆದಿಡಿ. ನಿಮ್ಮ ಹೆಸರು ಅಚ್ಚಾದ ಕರಪತ್ರ ಸಿಗದಿದ್ದರೆ ಸಂಘಟಕರಿಂದ ಎರಡು ಸಾಲಿನ ಪತ್ರ ಕೇಳಿ: ಇಂಥ ದಿನ, ಇಂಥ ಸ್ಥಳ, ಇಂಥ ಪ್ರಸಂಗ, ಇಂಥ ಪಾತ್ರ. ಕೇಳಲು ನಾಚಿಕೆ ಬೇಡ. ಕನ್ನಡ ಪತ್ರಿಕೆಯಲ್ಲಿ ವರದಿ ಬಂದರೆ ಪತ್ರಿಕೆಯ ಹೆಸರು, ತಾರೀಕು ಕಾಣುವ ಹಾಗೆ ಕತ್ತರಿಸಿ. ತಾರೀಕಿಲ್ಲದ ಕತ್ತರಿಕೆಯಿಂದ ಪ್ರಯೋಜನವಿಲ್ಲ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಉಪಜಿಲ್ಲೆಯಿಂದ ಹಿಡಿದು ರಾಜ್ಯದವರೆಗೆ ಸಿಕ್ಕಿದ ಪ್ರತಿ ಗ್ರೇಡಿನ ಸರ್ಟಿಫಿಕೇಟ್ ಅಮೂಲ್ಯ. ಗ್ರೇಸ್ ಮಾರ್ಕ್ ಸಿಕ್ಕಿತೆಂದು ಅದನ್ನು ಮರೆತುಬಿಡುವವರೇ ಹೆಚ್ಚು.

ಗುರುಗಳ ಪತ್ರ

ಇದಕ್ಕೆ ಒಂದು ಇಡೀ ಭಾಗ ಕೊಡುತ್ತಿದ್ದೇನೆ, ಏಕೆಂದರೆ ನಾನೇ ಬಿದ್ದ ಹೊಂಡ ಇದು. ಇಪ್ಪತ್ತೆರಡರ ಪ್ರಾಯದಲ್ಲಿ ನಾನೂ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಗುರುಗಳು ಪ್ರೀತಿಯಿಂದ ಬರೆದುಕೊಟ್ಟರು: "ಇವನು ನನ್ನಲ್ಲಿ ಹಲವು ವರ್ಷಗಳಿಂದ ಶ್ರದ್ಧೆಯಿಂದ ಕಲಿಯುತ್ತಿದ್ದಾನೆ. ವಿನಯವಂತ. ಇವನಿಗೆ ಶುಭವಾಗಲಿ." ಪತ್ರ ಓದಿ ಅಮ್ಮನಿಗೆ ಕಣ್ಣು ತುಂಬಿತು. ಅರ್ಜಿ ತಿರಸ್ಕೃತವಾಯಿತು. ನಿಯಮ ಕೇಳುತ್ತಿದ್ದದ್ದು ಕನಿಷ್ಠ ಐದು ವರ್ಷದ ಕಲಿಕೆ. 'ಹಲವು' ಎಂದರೆ ಎಷ್ಟೆಂದು ಯಾರಿಗೆ ಗೊತ್ತು?

ಪತ್ರದಲ್ಲಿ ಇರಬೇಕಾದದ್ದು ಹೀಗೆ: ಯಾವ ತಿಂಗಳು, ಯಾವ ವರ್ಷದಿಂದ ಕಲಿಕೆ ಶುರು, ವಾರಕ್ಕೆ ಎಷ್ಟು ತರಗತಿ, ಏನೇನು ಕಲಿತಾಗಿದೆ (ತಾಳಗಳು, ಪೂರ್ವರಂಗ, ಯಾವ ಪ್ರಸಂಗಗಳ ಯಾವ ಪಾತ್ರ), ಮುಂದೆ ಏನು ಕಲಿಸುವುದಿದೆ, ಗುರುಗಳ ಸ್ವಂತ ಪರಿಚಯ, ಅವರು ಯಾರಲ್ಲಿ ಕಲಿತರು, ಯಾವ ಮೇಳದಲ್ಲಿ ಎಷ್ಟು ವರ್ಷ ತಿರುಗಾಟ ಮಾಡಿದರು. ಕೊನೆಗೆ ಸಹಿ, ತಾರೀಕು, ಫೋನ್ ನಂಬ್ರ. ನೀವೇ ಕರಡು ಬರೆದುಕೊಂಡು ಹೋಗಿ ತೋರಿಸಿದರೆ ಗುರುಗಳಿಗೇನೂ ಬೇಸರವಿಲ್ಲ. ಹೆಚ್ಚಿನವರಿಗೆ ಉಪಕಾರವೇ ಆಗುತ್ತದೆ. ಗುರುಗಳು ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅನುವಾದವನ್ನು ಕೆಳಗೆ ಸೇರಿಸಿ, ಅದಕ್ಕೂ ಅವರ ಸಹಿ ಹಾಕಿಸಿ.

ದೆಹಲಿಯ ಬಾಗಿಲು

ಗಡಿನಾಡಿನವರಿಗೆ ಮೂರು ಬಾಗಿಲು: ದೆಹಲಿ, ಕೇರಳ, ಕರ್ನಾಟಕ. ಮೊದಲು ದೆಹಲಿಗೆ ಹೋಗಿ ಎನ್ನುತ್ತೇನೆ. ಅಲ್ಲಿ ನೀವು ಯಾವ ರಾಜ್ಯದವರು ಎನ್ನುವುದರ ಮೇಲೆ ಜಗ್ಗಾಟವಿಲ್ಲ.

ಸಂಸ್ಕೃತಿ ಸಚಿವಾಲಯದ ವಿದ್ಯಾರ್ಥಿವೇತನ, ಫೆಲೋಶಿಪ್‌ಗಳನ್ನು ನಡೆಸುವುದು ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ. ಪ್ರಾಯಕ್ಕೆ ತಕ್ಕ ಹಾಗೆ ಮೂರು ಮೆಟ್ಟಿಲುಗಳಿವೆ.

10ರಿಂದ 14 ವರ್ಷದ ಮಕ್ಕಳಿಗೆ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನ. ವರ್ಷಕ್ಕೆ 3,600 ರೂಪಾಯಿ, ಅದರ ಮೇಲೆ ಗುರುಗಳಿಗೆ ಕೊಟ್ಟ ಫೀಸು ವರ್ಷಕ್ಕೆ 9,000 ರೂಪಾಯಿಯವರೆಗೆ ವಾಪಸು. ಮೊತ್ತ ಸಣ್ಣದು ಎಂದು ಮೂಗು ಮುರಿಯಬೇಡಿ. ನವೀಕರಣವಾಗುತ್ತಾ ಮಗು ದೊಡ್ಡದಾಗುವವರೆಗೂ ನಡೆಯುತ್ತದೆ, ಮುಂದಿನ ಎಲ್ಲ ಅರ್ಜಿಗೂ ಅದೇ ಬುನಾದಿ. ಪರಂಪರೆಯಿಂದ ಕಲೆ ನಡೆಸಿಕೊಂಡು ಬಂದ ಮನೆಯ ಮಕ್ಕಳಿಗೆ ಪ್ರತ್ಯೇಕ ಪಾಲು ಕೂಡ ಇದೆ. ಬೊಂಬೆಯಾಟದ, ಮೇಳದ ಕುಟುಂಬಗಳು ಇದನ್ನು ಗಮನಿಸಬೇಕು.

18ರಿಂದ 25ರವರಿಗೆ ಯುವ ಕಲಾವಿದರ ವಿದ್ಯಾರ್ಥಿವೇತನ: ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ನಾಲ್ಕು ಕಂತು. ದೇಶಕ್ಕೆಲ್ಲ ಸೇರಿ 400. ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ, ಚಿತ್ರ, ಶಿಲ್ಪ, ಜಾನಪದ ಎಲ್ಲ ಸೇರುತ್ತದೆ. ಯಕ್ಷಗಾನದವರು 'ನೃತ್ಯ' ಎಂದು ಗುರುತು ಹಾಕಿ ಭರತನಾಟ್ಯದವರ ಸಾಲಿನಲ್ಲಿ ನಿಲ್ಲಬೇಡಿ. ಜಾನಪದ, ಪಾರಂಪರಿಕ ಕಲೆಗಳ ವಿಭಾಗದಲ್ಲಿ ಜಾನಪದ ರಂಗಭೂಮಿ ಎಂದಿದೆ, ಅದು ನಿಮ್ಮ ಜಾಗ. ಯಕ್ಷಗಾನ ಜಾನಪದವೋ ಶಾಸ್ತ್ರೀಯವೋ ಎಂಬ ಜಗಳವನ್ನು ಕೂಟದ ಅರ್ಥಧಾರಿಗಳಿಗೆ ಬಿಡೋಣ, ಫಾರ್ಮಿನಲ್ಲಿ ಬೇಡ.

25ರಿಂದ 40ರವರೆಗೆ ಜೂನಿಯರ್ ಫೆಲೋಶಿಪ್: ತಿಂಗಳಿಗೆ 10,000 ರೂಪಾಯಿ, ಎರಡು ವರ್ಷ. 40 ದಾಟಿದವರಿಗೆ ಸೀನಿಯರ್, 20,000. ಇಲ್ಲಿ ಚೆನ್ನಾಗಿ ಕುಣಿದರೆ ಸಾಲದು, ಒಂದು ಕೆಲಸದ ಯೋಜನೆ ಬೇಕು. ಅದನ್ನು ಬರೆಯುವ ಬಗೆ ಮುಂದೆ ಹೇಳುತ್ತೇನೆ.

ಚಿತ್ರ, ಶಿಲ್ಪದವರು 21ರಿಂದ 35 ವರ್ಷದೊಳಗಿದ್ದರೆ ಕೇಂದ್ರ ಲಲಿತಕಲಾ ಅಕಾಡೆಮಿಯ ವಿದ್ಯಾರ್ಥಿವೇತನ ನೋಡಿ. ನಮಗೆ ಹತ್ತಿರದ ಪ್ರಾದೇಶಿಕ ಕೇಂದ್ರ ಚೆನ್ನೈಯಲ್ಲಿದೆ. ಸಂಗೀತ ನಾಟಕ ಅಕಾಡೆಮಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ 40ರೊಳಗಿನವರಿಗೆ, 25,000 ರೂಪಾಯಿ. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಲ್ಲಿ ಕಲಾವಿದರಾಗಿ ಹೆಸರು ನೋಂದಾಯಿಸಿಡಿ. ಕೇರಳ, ಕರ್ನಾಟಕ ಎರಡೂ ಅದರ ವ್ಯಾಪ್ತಿಯಲ್ಲೇ ಬರುವುದರಿಂದ ಅದು ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಗುರು-ಶಿಷ್ಯ ತರಬೇತಿ, ಹೊರರಾಜ್ಯದ ಕಾರ್ಯಕ್ರಮ ಅಲ್ಲಿಂದ ಸಿಗುತ್ತವೆ.

ಕೇರಳದ ಬಾಗಿಲು

ಇದನ್ನು ನಮ್ಮವರು ಅರ್ಧ ತೆರೆದು ಅಲ್ಲೇ ನಿಲ್ಲುತ್ತಾರೆ. ಕಾರಣ ಭಾಷೆ. ಪ್ರಕಟಣೆ ಮಲಯಾಳದಲ್ಲಿರುತ್ತದೆ, ಓದಿ ಹೇಳುವವರು ಬೇಕು. ಕೆಲವು ಪದ ಗೊತ್ತಿದ್ದರೆ ಅರ್ಧ ಕೆಲಸ ಆಯಿತು. 'ಅಪೇಕ್ಷ' ಎಂದರೆ ಅರ್ಜಿ. 'ಯೋಗ್ಯತ' ಅರ್ಹತೆ. 'ತದ್ದೇಶ ಸ್ಥಾಪನಂ' ಎಂದರೆ ಪಂಚಾಯತ್ತು, ನಗರಸಭೆ. 'ಅವಸಾನ ತೀಯತಿ' ಎಂದು ಕಂಡರೆ ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಅದು ಕೊನೆಯ ದಿನಾಂಕ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಅದು ಹಕ್ಕು, ಬಿಡಬೇಡಿ. ಆದರೆ ಸ್ಪರ್ಧೆಯ ಅರ್ಜಿಗೆ ಕನ್ನಡದ ಜೊತೆ ಮಲಯಾಳವೋ ಇಂಗ್ಲಿಷೋ ಒಂದು ಪ್ರತಿ ಇಡುವುದು ಜಾಣತನ. ಆಯ್ಕೆ ಸಮಿತಿಗೆ ಅದು ಅರ್ಥವಾಗುವುದು ನಮ್ಮದೇ ಅಗತ್ಯ.

ಕಣ್ಣೂರಿನ ಚಿರಕ್ಕಲ್‌ನಲ್ಲಿರುವ ಕೇರಳ ಫೋಕ್‌ಲೋರ್ ಅಕಾಡೆಮಿ ನಮಗೆ ಹತ್ತಿರದ್ದು. ರೈಲಿನಲ್ಲಿ ಹೋಗಿ ಅದೇ ದಿನ ಮರಳಬಹುದು. ಅವರ ಪ್ರಶಸ್ತಿಗಳಲ್ಲಿ ಯುವಪ್ರತಿಭಾ ಪುರಸ್ಕಾರವೂ ಒಂದು. ತೃಶೂರಿನ ಸಂಗೀತ ನಾಟಕ ಅಕಾಡೆಮಿ ನಾಟಕದವರಿಗೆ. ಅಲ್ಲಿನದೇ ಲಲಿತಕಲಾ ಅಕಾಡೆಮಿ ಏಕವ್ಯಕ್ತಿ ಮತ್ತು ಗುಂಪು ಚಿತ್ರಪ್ರದರ್ಶನಕ್ಕೆ ಧನಸಹಾಯ ಕೊಡುತ್ತದೆ, ಕಾಞಂಗಾಡಿನಲ್ಲಿ ಅದರ ಗ್ಯಾಲರಿಯೂ ಇದೆ. ಮಂಗಳೂರಿನಲ್ಲಿ ಕಲಾಶಿಕ್ಷಣ ಮುಗಿಸಿ ಬಂದ ನಮ್ಮ ಹುಡುಗರು ಪ್ರದರ್ಶನಕ್ಕೆ ಮತ್ತೆ ಮಂಗಳೂರಿಗೇ ಓಡುತ್ತಾರೆ. ಕಾಞಂಗಾಡಿನ ಗೋಡೆ ಅವರಿಗೆ ಕಾಣುವುದೇ ಇಲ್ಲ. ಕೇರಳ ಸಾಂಸ್ಕೃತಿಕ ಇಲಾಖೆಯ ವಜ್ರಜೂಬಿಲಿ ಫೆಲೋಶಿಪ್ ಇನ್ನೊಂದು: ಆಯ್ಕೆಯಾದ ಯುವ ಕಲಾವಿದರು ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಜನರಿಗೆ ಉಚಿತವಾಗಿ ಕಲಿಸಬೇಕು, ತಿಂಗಳು ತಿಂಗಳು ವೇತನ ಬರುತ್ತದೆ.

ಯಾರೂ ಹೇಳದ ದಾರಿ ಒಂದಿದೆ, ಪಂಚಾಯತ್ತಿನ ಯೋಜನೆ. ಕೇರಳದ ಪಂಚಾಯತ್ತುಗಳಿಗೆ ಸ್ವಂತ ಯೋಜನಾ ನಿಧಿ ಇದೆ, ಏನು ಮಾಡಬೇಕೆಂಬ ಮಾತು ಗ್ರಾಮಸಭೆಯಲ್ಲಿ ಶುರುವಾಗುತ್ತದೆ. ಪರಿಶಿಷ್ಟ ಜಾತಿಯ ಯುವಕರ ತಂಡಕ್ಕೆ ಚೆಂಡೆ ಮುಂತಾದ ವಾದ್ಯೋಪಕರಣ ಕೊಡುವ ಯೋಜನೆ ಕೇರಳದ ಪಂಚಾಯತ್ತುಗಳಲ್ಲಿ ಸಾಮಾನ್ಯ. ಶಾಲಾ ಮಕ್ಕಳಿಗೆ ಯಕ್ಷಗಾನ ತರಬೇತಿಯನ್ನೂ ಹೀಗೆ ಸೇರಿಸಲು ಕೇಳಬಹುದು. ಮಾಡಬೇಕಾದದ್ದು: ನಿಮ್ಮ ವಾರ್ಡಿನ ಮೆಂಬರನ್ನು ಗ್ರಾಮಸಭೆಗೆ ಹದಿನೈದು ದಿನ ಮುಂಚೆ ಕಂಡು ಮಾತಾಡಿ, ಒಂದು ಪುಟದ ಬೇಡಿಕೆ ಬರೆದು ಕೊಡಿ, ಸಭೆಯ ದಿನ ಪಾಲಕರನ್ನು ಕರೆದುಕೊಂಡು ಹೋಗಿ, ಬೇಡಿಕೆ ಮಿನಿಟ್ಸ್ ಪುಸ್ತಕದಲ್ಲಿ ಬರೆಯಲ್ಪಟ್ಟಿತೋ ಎಂದು ಕಣ್ಣಾರೆ ನೋಡಿ ಏಳಿ. ಅಲ್ಲಿ ಬರೆಯದ ಮಾತು ಆಡದ ಮಾತು.

ಕರ್ನಾಟಕದ ಬಾಗಿಲು

ಭಾವನೆಗೆ ಇದೇ ಹತ್ತಿರ, ನಿಯಮಕ್ಕೆ ಕೆಲವೊಮ್ಮೆ ಇದೇ ದೂರ. ಬೆಂಗಳೂರಿನ ಪ್ರಕಟಣೆ ವಾಟ್ಸಾಪಿನಲ್ಲಿ ಬಂದ ಕೂಡಲೇ ಫಾರ್ಮ್ ತುಂಬಿಸಲು ಕೂರಬೇಡಿ. ಮೊದಲು ಅರ್ಹತೆಯ ಸಾಲು ಓದಿ. 'ಕರ್ನಾಟಕದಲ್ಲಿ ವಾಸವಾಗಿರುವ' ಎಂದಿದ್ದರೆ ನಮ್ಮ ಆಧಾರ್ ಅಲ್ಲಿ ನಡೆಯುವುದಿಲ್ಲ. 'ಗಡಿನಾಡು', 'ಹೊರನಾಡು' ಎಂಬ ಮಾತಿದ್ದರೆ ಅದು ನಮ್ಮದು. ಸಂಬಂಧಿಕರ ಮನೆಯ ವಿಳಾಸ ಹಾಕಿ ಅರ್ಜಿ ಹಾಕುವ ಚಾಳಿ ಕೆಲವರಿಗಿದೆ. ಸಿಕ್ಕಿಬಿದ್ದರೆ ಮುಂದಿನ ಹುಡುಗರಿಗೂ ಬಾಗಿಲು ಮುಚ್ಚುತ್ತದೆ.

ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡ ಪ್ರದೇಶಗಳ ಚಟುವಟಿಕೆಗೂ ನೆರವು ಕೊಡುತ್ತದೆ. ಕಾಸರಗೋಡಿನ ಹಾಗೆಯೇ ಅಕ್ಕಲಕೋಟೆ, ಜತ್ತ, ಆದೋನಿ, ತಾಳವಾಡಿ, ಹೊಸೂರಿನವರಿಗೂ ಈ ಮಾತು ಅನ್ವಯ. ನೆರವು ಸಾಮಾನ್ಯವಾಗಿ ನೋಂದಾಯಿತ ಸಂಘಕ್ಕೆ ಹೋಗುತ್ತದೆ, ಒಬ್ಬ ವ್ಯಕ್ತಿಗಲ್ಲ. ಯಕ್ಷಗಾನ ಅಕಾಡೆಮಿ, ಜಾನಪದ ಅಕಾಡೆಮಿ, ನಾಟಕ ಅಕಾಡೆಮಿ, ಲಲಿತಕಲಾ ಅಕಾಡೆಮಿ ಇವುಗಳ ತರಬೇತಿ ಶಿಬಿರ, ಕಮ್ಮಟಗಳ ಪ್ರಕಟಣೆಯನ್ನೂ ನೋಡುತ್ತಿರಿ. ಹಣಕ್ಕಿಂತ ಹೆಚ್ಚಿಗೆ ಅಲ್ಲಿ ಸಿಗುವುದು ಜನರ ಪರಿಚಯ.

ಸರ್ಕಾರೇತರ ಸಂಸ್ಥೆಗಳಲ್ಲಿ ಒಂದನ್ನಾದರೂ ಹೇಳಲೇಬೇಕು: ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಶುರುವಾದದ್ದು. ಸಂಶೋಧನೆಗೂ ಹೊಸ ಪ್ರಯೋಗಕ್ಕೂ ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಬಾರದು ಎಂದು ಹಿಂಜರಿಯುವವರಿಗೆ ಈ ಒಂದು ಮಾತು ಸಾಕು.

ಸಂಘ ಬೇಕೇ?

ಒಬ್ಬರೇ ಕಲಿಯುವವರಿಗೆ ಬೇಡ. ತಂಡ ಕಟ್ಟಿದವರಿಗೆ ಬೇಕು. ಕಾಸರಗೋಡು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸಿನ ಆಡಳಿತದಲ್ಲಿ ಇದ್ದುದರಿಂದ ಇಲ್ಲಿ ಸಂಘ ನೋಂದಣಿ 1860ರ ಸೊಸೈಟಿ ಕಾಯ್ದೆಯಡಿ ಆಗುತ್ತದೆ. ತಿರುವಾಂಕೂರು-ಕೊಚ್ಚಿಯ ಕಡೆಯವರ 1955ರ ಕಾಯ್ದೆಯ ಮಾದರಿ ಬೈಲಾ ತಂದು ಇಲ್ಲಿ ಕೊಡಬೇಡಿ. ಕನಿಷ್ಠ ಏಳು ಸದಸ್ಯರು ಬೇಕು. ನೋಂದಣಿಯಾದ ಮೇಲೆ ಪಾನ್, ಸಂಘದ ಹೆಸರಿನ ಖಾತೆ, ಎನ್‌ಜಿಒ ದರ್ಪಣ್ ಐಡಿ (ಕೇಂದ್ರದ ಜಾಲತಾಣದಲ್ಲಿ ಸಂಘಗಳಿಗೆ ಸಿಗುವ ಗುರುತು ಸಂಖ್ಯೆ), ಮೂರು ವರ್ಷದ ಆಡಿಟ್. ಇವಿಷ್ಟು ಇದ್ದರೆ ಸಂಸ್ಕೃತಿ ಸಚಿವಾಲಯದ ಕಾರ್ಯಕ್ರಮ ಮತ್ತು ರಂಗಪ್ರಯೋಗ ಅನುದಾನಕ್ಕೆ (ಸಾಮಾನ್ಯವಾಗಿ 5 ಲಕ್ಷದವರೆಗೆ), ರೆಪರ್ಟರಿ (ಗುರು-ಶಿಷ್ಯರ ಖಾಯಂ ತಂಡದ) ಅನುದಾನಕ್ಕೆ ಕೈಹಾಕಬಹುದು. ರೆಪರ್ಟರಿಯಲ್ಲಿ ಗುರುವಿಗೆ ತಿಂಗಳಿಗೆ 15,000, ಶಿಷ್ಯರಿಗೆ ಪ್ರಾಯಕ್ಕೆ ತಕ್ಕ ಮೊತ್ತ.

ಯೋಜನೆ ಬರೆಯುವುದು

ಜೂನಿಯರ್ ಫೆಲೋಶಿಪ್ಪಿಗೆ ಒಬ್ಬರು ಬರೆದು ತಂದ ಸಾಲು: "ನಮ್ಮ ಪುರಾತನ ಕಲೆಯಾದ ಯಕ್ಷಗಾನವನ್ನು ಉಳಿಸಿ ಬೆಳೆಸಿ ಮುಂದಿನ ಪೀಳಿಗೆಗೆ ತಲುಪಿಸುವುದು ನನ್ನ ಉದ್ದೇಶ." ಇದನ್ನು ಓದಿ ಸಮಿತಿಗೆ ಆಗುವುದು ಆಕಳಿಕೆ ಮಾತ್ರ. ಉಳಿಸುವುದು ಎಂದರೆ ನಾಳೆ ಬೆಳಗ್ಗೆ ಎದ್ದು ಏನು ಮಾಡುತ್ತೀರಿ? ಅವರನ್ನು ಕೂರಿಸಿ ಕೇಳುತ್ತಾ ಹೋದೆ. ಅವರ ಆಸಕ್ತಿ ಇದ್ದದ್ದು ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಚುಟ್ಟಿಯಲ್ಲಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಆ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. ಹಿಟ್ಟಿನ ಹದ ಹೇಗಿರಬೇಕು, ಬೆವರಿಗೆ ಉದುರದ ಹಾಗೆ ಏನು ಮಾಡಬೇಕು ಎನ್ನುವುದು ಹಿರಿಯ ವೇಷಧಾರಿಗಳ ಬೆರಳಲ್ಲಿದೆ, ಎಲ್ಲಿಯೂ ಬರೆದಿಲ್ಲ ಎಂದರು. ಯೋಜನೆ ಅಲ್ಲೇ ಸಿಕ್ಕಿತು.

ತಿರುಗಿ ಬರೆದದ್ದು ಹೀಗೆ: ಮೊದಲ ಆರು ತಿಂಗಳು, ಹಿರಿಯ ಬಣ್ಣದ ವೇಷಧಾರಿಗಳನ್ನು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಕಂಡು, ನಾಲ್ಕು ಪಾತ್ರಗಳ ಮುಖವರ್ಣಿಕೆಯನ್ನು ಆರಂಭದಿಂದ ಕೊನೆಯವರೆಗೆ ಚಿತ್ರೀಕರಿಸುವುದು. ಎರಡನೆಯ ಆರು ತಿಂಗಳು, ಅದೇ ಕ್ರಮದಲ್ಲಿ ತಾನೇ ಅಭ್ಯಾಸ ಮಾಡಿ ತಿದ್ದಿಸಿಕೊಳ್ಳುವುದು. ಮೂರನೆಯ ಕಂತಿನಲ್ಲಿ ರೇಖಾಚಿತ್ರ, ಅಳತೆ, ಹದದ ಟಿಪ್ಪಣಿ. ಕೊನೆಯದರಲ್ಲಿ ಎರಡು ಕಡೆ ಪ್ರಾತ್ಯಕ್ಷಿಕೆ, ಕನ್ನಡದಲ್ಲೊಂದು ಕೈಪಿಡಿ. ಕಂತು ನಾಲ್ಕು, ಕೆಲಸವೂ ನಾಲ್ಕು ತುಂಡು. ಆರು ತಿಂಗಳ ವರದಿ ಬರೆಯುವಾಗ ತಲೆಕೆರೆದುಕೊಳ್ಳಬೇಕಾಗಿಲ್ಲ.

'ಪಾರ್ತಿಸುಬ್ಬನ ಊರಿನವರು' (ಯಕ್ಷಗಾನ ಪ್ರಸಂಗಗಳನ್ನು ಬರೆದ ಕುಂಬಳೆಯ ಕವಿ) ಎಂದರೆ ನಮಗೆ ರೋಮಾಂಚನ, ಲಖನೌದಿಂದ ಬಂದ ಸಮಿತಿ ಸದಸ್ಯರಿಗೆ ಏನೂ ಅನಿಸುವುದಿಲ್ಲ. ಚೌಕಿ, ಚುಟ್ಟಿ, ಹಿಮ್ಮೇಳ ಎಂಬ ಪದ ಮೊದಲ ಸಲ ಬರುವಾಗ ಅರ್ಧ ಸಾಲಿನಲ್ಲಿ ಅರ್ಥ ಹೇಳಿಬಿಡಿ.

ಖರ್ಚಿನ ಪಟ್ಟಿ ಕೇಳಿದರೆ ದುಂಡು ಸಂಖ್ಯೆ ಹಾಕಬೇಡಿ. 'ವೇಷಭೂಷಣ 50,000' ಎಂದರೆ ಅನುಮಾನ ಬರುತ್ತದೆ. ಎಷ್ಟು ದಿನದ ಬಾಡಿಗೆ, ದಿನಕ್ಕೆ ಎಷ್ಟು, ಎಷ್ಟು ಸೆಟ್ ಎಂದು ಬಿಡಿಸಿ ಬರೆದು, ಬಾಡಿಗೆಗೆ ಕೊಡುವವರಿಂದ ಕೊಟೇಶನ್ ಪಡೆದು ಲಗತ್ತಿಸಿ.

ವಿಡಿಯೊ, ಫೋಟೋ

ರಾತ್ರಿ ಆಟದಲ್ಲಿ ತಮ್ಮ ಹಿಡಿದ ಮೊಬೈಲ್ ವಿಡಿಯೊ ಕಳಿಸಬೇಡಿ. ಅದರಲ್ಲಿ ಮುಂದಿನ ಸಾಲಿನವರ ತಲೆ, ಐಸ್‌ಕ್ರೀಮ್ ಗಾಡಿಯ ಗಂಟೆ, ಸ್ಪೀಕರಿನ ಕರ್ಕಶ ಬಿಟ್ಟರೆ ಏನೂ ಇರುವುದಿಲ್ಲ. ಹಗಲು, ಒಂದು ಹಾಲಿನಲ್ಲಿ, ಫೋನನ್ನು ಅಡ್ಡ ಮಾಡಿ ಸ್ಟ್ಯಾಂಡಿಗೆ ಕಟ್ಟಿ ಐದು ನಿಮಿಷ ತೆಗೆಯಿರಿ. ಕುಣಿಯುವವರ ಪಾದ ಚೌಕಟ್ಟಿನಿಂದ ಹೊರಗೆ ಹೋಗಬಾರದು. ಹೆಜ್ಜೆ ಕಾಣದ ನಾಟ್ಯವನ್ನು ಯಾರು ಅಳೆಯುತ್ತಾರೆ? ಚೆಂಡೆ, ಮದ್ದಳೆಯವರದ್ದಾದರೆ ಎರಡು ಕೈ ಮತ್ತು ಮುಖ ಒಟ್ಟಿಗೆ ಕಾಣಲಿ. ಆರಂಭದಲ್ಲಿ ಹೆಸರು, ಗುರು, ಪ್ರಸಂಗ, ತಾಳ ಹೇಳಿ. ನಡುವೆ ಕತ್ತರಿಸಿ ಜೋಡಿಸಬೇಡಿ.

ಚಿತ್ರಗಾರರು ಕೃತಿಯನ್ನು ಗಾಜು ತೆಗೆದು, ಹೊರಗಿನ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ಹಿಡಿಯಿರಿ. ಕೆಳಗೆ ಅಳತೆ, ಮಾಧ್ಯಮ, ವರ್ಷ. ಮೂವತ್ತು ಕಳಿಸುವುದಕ್ಕಿಂತ ಒಂದೇ ದಾರಿಯಲ್ಲಿ ಸಾಗಿದ ಹತ್ತು ಲೇಸು.

ಹಣ ಬಂದ ಮೇಲೆ

ಬೇರೆಯೇ ಒಂದು ನೋಟ್ ಪುಸ್ತಕ. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ಹೂವಿನವರು, ಪೆಟ್ರೊಮ್ಯಾಕ್ಸಿನವರು ಬಿಲ್ ಕೊಡುವುದಿಲ್ಲ ಎಂದು ಗೊಣಗಬೇಡಿ. ವೋಚರಿನಲ್ಲಿ ಅವರ ಹೆಸರು, ಮೊತ್ತ, ಕೆಲಸ ಬರೆದು ಸಹಿ ಹಾಕಿಸಿಕೊಳ್ಳಿ. ಆಗುವಷ್ಟನ್ನು ಫೋನಿನಲ್ಲೇ ಪಾವತಿಸಿದರೆ ದಾಖಲೆ ತಾನಾಗಿ ಉಳಿಯುತ್ತದೆ. ಸಂಘಗಳು ಕೇಂದ್ರದ ಅನುದಾನಕ್ಕೆ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಅದು ಕೊಡದಿದ್ದರೆ ಮುಂದಿನ ಕಂತಿಲ್ಲ.

"ನಾನು ಮಾಡಿಸಿಕೊಡುತ್ತೇನೆ, ಬಂದದ್ದರಲ್ಲಿ ಇಷ್ಟು ಕೊಡಿ" ಎನ್ನುವವರು ಕಾಣಸಿಗುತ್ತಾರೆ. ಅಂಥವರಿಗೆ ಒಂದು ಲೋಟ ನೀರು, ಬೆಲ್ಲ ಕೊಟ್ಟು ಕಳಿಸಿ.

ಅರ್ಜಿ ಬಿದ್ದರೆ ಕಾರಣ ಕೇಳಿ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ನನಗೆ 'ಹಲವು ವರ್ಷ'ದ ಸಂಗತಿ ತಿಳಿದದ್ದು ಹೀಗೆಯೇ, ಆದರೆ ಅಷ್ಟರಲ್ಲಿ ಪ್ರಾಯ ದಾಟಿತ್ತು.

ಕೊನೆಗೆ ಕಾಲದ ಲೆಕ್ಕ. ಅರ್ಜಿ ಕರೆಯುವ ತಿಂಗಳು ವರ್ಷ ವರ್ಷ ಬದಲಾಗುತ್ತದೆ, ಕರೆದಾಗ ಸಮಯ ಕಡಿಮೆ ಕೊಡುತ್ತಾರೆ. ಮೇಳದ ಕಲಾವಿದರಿಗೆ ತಿರುಗಾಟದ ದಿನಗಳಲ್ಲಿ ರಾತ್ರಿ ಆಟ, ಹಗಲು ನಿದ್ದೆ. ಆಗ ಅಕ್ಷಯದ ಸರದಿಯಲ್ಲಿ ನಿಲ್ಲಲಾಗದು. ಪತ್ತನಾಜೆಗೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಕಾಗದದ ಕೆಲಸಕ್ಕೆ ಇಡಿ. ಗುರುಗಳು ಮನೆಯಲ್ಲಿ ಸಿಗುವುದೂ ಆಗಲೇ. ಕರಡು ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ಆಟಿ ತಿಂಗಳ ಮಳೆಗೆ ಶಾಯಿ ನಿಲ್ಲುವುದಿಲ್ಲ, ಬಾಲ್ ಪೆನ್ನಿನಲ್ಲೇ ಸಹಿ ಹಾಕಿಸಿ.